ಬಳ್ಳಾರಿಯ ಸಿಎ ನಂಬರ್, ಅಮೆರಿಕದ ಲೈಸೆನ್ಸ್

ಭಾರತಕ್ಕೂ ಅಮೆರಿಕಕ್ಕೂ ನಡುವೆ ಆರ್ಕಿಟೆಕ್ಟ್‌ಗಳ ಲೈಸೆನ್ಸ್ ಬಗ್ಗೆ ಯಾವ ಒಪ್ಪಂದವೂ ಇಲ್ಲ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಳ್ಳಾರಿ, ಹೊಸಪೇಟೆ, ರಾಯಚೂರಿನಿಂದ ನನಗೆ ಫೋನ್ ಮಾಡುವ ಹುಡುಗ ಹುಡುಗಿಯರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ನಮ್ಮ ಸಿಎ ನಂಬರ್ ಅಲ್ಲಿ ನಡೀತದಾ?" ಸಿಎ ಅಂದರೆ ಇಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಕೊಡುವ ಆರ್ಕಿಟೆಕ್ಟ್ ನೋಂದಣಿ ನಂಬರ್. ಅದು ಅಲ್ಲಿ ಹಾಗೇ ನಡೆಯುವುದಿಲ್ಲ. ಆದರೆ ಅದು ಇಲ್ಲದಿದ್ದರೆ ನಾನು ಹಿಡಿದ ದಾರಿ ಶುರುವೇ ಆಗುತ್ತಿರಲಿಲ್ಲ.

ನನ್ನದು ಬಳ್ಳಾರಿಯಲ್ಲಿ ಚಿಕ್ಕ ಆಫೀಸು. ಮನೆಗಳು, ಎರಡು ಮೂರು ಕಲ್ಯಾಣ ಮಂಟಪ, ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಯೂನಿಟ್‌ಗಳು. ಮನೆಯವರಿಗೆ ಡಲ್ಲಾಸ್ ಹತ್ತಿರ ಕೆಲಸ ಸಿಕ್ಕಿತು. ಅಲ್ಲಿ ಹೋಗಿ ಸುಮ್ನೆ ಕೂರುವುದು ನನ್ನಿಂದ ಆಗದ ಮಾತು. ಲೈಸೆನ್ಸ್ ತೆಗೆದುಕೊಳ್ಳೋಣ ಅಂತ ಹೊರಟೆ. ಈಗ ಅದು ಕೈಗೆ ಬಂದಿದೆ. ದಾರಿ ಇನ್ನೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಶುರುವಿನಲ್ಲಿ ಸಲಹೆಗಳಿಗೆ ಬರ ಇರಲಿಲ್ಲ. ಎಂಜಿನಿಯರ್ ಆಗಿರುವ ನಮ್ಮ ಅಣ್ಣ, "ಇಂಡಿಯಾ ವಾಷಿಂಗ್ಟನ್ ಅಕಾರ್ಡ್‌ನಲ್ಲಿದೆ, ನಿನಗೇನು ಚಿಂತೆ" ಅಂದ. ಭಾರತ 2014ರಲ್ಲಿ ಅದಕ್ಕೆ ಸೇರಿದ್ದು ನಿಜ. ಆದರೆ ಅದು ಒಂದು ದೇಶದ ಎಂಜಿನಿಯರಿಂಗ್ ಡಿಗ್ರಿಯನ್ನು ಇನ್ನೊಂದು ದೇಶ ಒಪ್ಪುವ ಒಪ್ಪಂದ. ನಮ್ಮ ಆರ್ಕಿಟೆಕ್ಚರ್ ಡಿಗ್ರಿ ಬಿ.ಆರ್ಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಲೇಜಿನ ಗೆಳತಿಯೊಬ್ಬಳು ಸುತ್ತು ದಾರಿ ಹೇಳಿದಳು. ಅಮೆರಿಕಕ್ಕೆ ಕೆನಡಾ, ಮೆಕ್ಸಿಕೊ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಒಪ್ಪಂದ ಇದೆ, 2023ರಲ್ಲಿ ಬ್ರಿಟನ್ ಕೂಡ ಸೇರಿದೆ. ಮೊದಲು ಅವುಗಳಲ್ಲಿ ಒಂದು ಲೈಸೆನ್ಸ್ ತಗೊಂಡು ಆಮೇಲೆ ಅಮೆರಿಕಕ್ಕೆ ಬಾ ಅಂತ. ಕೇಳಲು ಚೆನ್ನಾಗಿದೆ. ಆದರೆ ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಬೇರೆ ದೇಶದ ಲೈಸೆನ್ಸ್ ತೋರಿಸಿ ಪಡೆದ ಲೈಸೆನ್ಸ್ ಇಲ್ಲಿ ಲೆಕ್ಕಕ್ಕಿಲ್ಲ ಅನ್ನುತ್ತದೆ ಆ ಷರತ್ತು. ಹಿತ್ತಲ ಬಾಗಿಲು ಇದೆ, ಬೀಗವೂ ಇದೆ.

ನಮ್ಮ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಲ್ಲಿ ಹೊರದೇಶಗಳ ಜೊತೆ ಇಂಥ ಒಡಂಬಡಿಕೆಗೆ ಮಾತುಕತೆ ನಡೆಸಲು ಕೌನ್ಸಿಲ್‌ಗೆ ಅವಕಾಶ ಕೊಟ್ಟಿದ್ದಾರೆ. ಕಾಯ್ದೆಯ ಆ ಸಾಲು ಓದಿ ನನಗೆ ಸ್ವಲ್ಪ ಆಸೆ ಹುಟ್ಟಿತ್ತು. ಅಮೆರಿಕದ ಮಟ್ಟಿಗೆ ಆ ಸಾಲು ಇನ್ನೂ ಪುಸ್ತಕದಲ್ಲೇ ಇದೆ.

ಇನ್ನೊಂದು ವಿಷಯ ತಲೆಗೆ ಇಳಿಯಲು ಸಮಯ ಹಿಡಿಯಿತು. ನಮ್ಮಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಕೊಡುವ ಒಂದು ಸಿಎ ನಂಬರ್ ಇದ್ದರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ನಾವು ಆರ್ಕಿಟೆಕ್ಟ್‌ಗಳೇ. ನಾನು ಬಳ್ಳಾರಿಯಲ್ಲಿ ಕೂತು ಆಂಧ್ರದ ಗುಂತಕಲ್ಲಿನ ಮನೆಗೆ ಪ್ಲಾನ್ ಮಾಡಿದ್ದೇನೆ, ನಿನ್ನ ಲೈಸೆನ್ಸ್ ಯಾವ ರಾಜ್ಯದ್ದು ಅಂತ ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಒಂದು ಬೋರ್ಡ್. ರಾಜಧಾನಿ, ದ್ವೀಪಗಳು ಎಲ್ಲ ಸೇರಿ 55. ಟೆಕ್ಸಸ್ ಆರ್ಕಿಟೆಕ್ಟ್ ಪಕ್ಕದ ಒಕ್ಲಹೋಮಾದ ಕಟ್ಟಡಕ್ಕೆ ಸಹಿ ಹಾಕಬೇಕಾದರೆ ಅಲ್ಲಿನ ಲೈಸೆನ್ಸ್ ಬೇರೆ ತೆಗೆಯಬೇಕು. ಅಂದರೆ ಪರಸ್ಪರ ಮಾನ್ಯತೆಯ ತಲೆನೋವು ಅವರವರ ನಡುವೆಯೂ ಇದೆ. ಅದಕ್ಕೇ ಈ ಬೋರ್ಡ್‌ಗಳೆಲ್ಲ ಸೇರಿ 1919ರಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡವು. ಎನ್‌ಸಿಎಆರ್‌ಬಿ ಅಂತ ಅದರ ಹೆಸರು, ಎಲ್ಲರೂ ಎನ್‌ಕಾರ್ಬ್ ಅನ್ನುತ್ತಾರೆ. ಅದು ಲೈಸೆನ್ಸ್ ಕೊಡುವುದಿಲ್ಲ. ನಮ್ಮ ದಾಖಲೆ ಇಟ್ಟುಕೊಳ್ಳುತ್ತದೆ, ಪರೀಕ್ಷೆ ನಡೆಸುತ್ತದೆ, ಸರ್ಟಿಫಿಕೇಟ್ ಕೊಡುತ್ತದೆ. ಲೈಸೆನ್ಸ್ ಕೊಡುವುದು ರಾಜ್ಯದ ಬೋರ್ಡ್.

ಎನ್‌ಕಾರ್ಬ್‌ನಲ್ಲಿ ಹೊರದೇಶದ ಆರ್ಕಿಟೆಕ್ಟ್‌ಗಳಿಗೆ ಅಂತಲೇ ಒಂದು ದಾರಿ ಇದೆ. ನಿಮ್ಮ ದೇಶದಲ್ಲಿ ನೋಂದಣಿ ಇರಬೇಕು, ಅಲ್ಲಿ ಲೈಸೆನ್ಸ್‌ಗೆ ಒಪ್ಪುವ ಡಿಗ್ರಿ ಇರಬೇಕು. ಅದರ ಮೇಲೆ ಅನುಭವದ ಗಂಟೆಗಳ ಲೆಕ್ಕ, ಆಮೇಲೆ ಅಲ್ಲಿಯವರು ಬರೆಯುವ ಅದೇ ಪರೀಕ್ಷೆ. ಹಿಂದೆ ಅನುಭವಿಗಳು ತಮ್ಮ ಕೆಲಸದ ಕಡತ ಕೊಟ್ಟು, ಸಮಿತಿಯ ಮುಂದೆ ಕೂತು ಮಾತಾಡಿ ಬರುವ ದಾರಿಯೂ ಇತ್ತು. 2016ರಲ್ಲಿ ಅದು ಮುಚ್ಚಿತು. ಹಳೇ ಬರಹಗಳಲ್ಲಿ ಇನ್ನೂ ಅದೇ ಕಾಣುತ್ತದೆ. ತಾರೀಖು ನೋಡದೆ ಓದಬೇಡಿ.

ಇನ್ನು ಕಾಗದಪತ್ರದ ವಿಷಯ. ನನ್ನ ಪ್ರಕಾರ ಇಡೀ ಪುರಾಣದಲ್ಲಿ ಪರೀಕ್ಷೆಗಿಂತ ಕಷ್ಟದ ಭಾಗ ಇದೇ. ಪರೀಕ್ಷೆ ನಮ್ಮ ಕೈಯಲ್ಲಿದೆ, ಓದಿದರೆ ಆಯಿತು. ಕಾಗದ ಮಾತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ನಮ್ಮ ಕೈ ಸೋಕದೆ ಹೋಗಬೇಕು. ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ನೇರ. ಸಿಎ ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮ ಏನೂ ಇಲ್ಲ ಅನ್ನುವ ದೃಢೀಕರಣ ಕೌನ್ಸಿಲ್‌ನಿಂದ ನೇರ. ನಾವು ಸ್ಕ್ಯಾನ್ ಮಾಡಿ ಕಳಿಸಿದರೆ ಅದು ಕಾಗದವೇ ಅಲ್ಲ. ಯಾವ ಕಚೇರಿಯಲ್ಲಿ ನಿಂತಿದೆ ಅಂತ ಕೇಳಿದರೆ ಇವರು "ಕಳಿಸಿದ್ದೇವೆ" ಅನ್ನುತ್ತಾರೆ, ಅವರು "ಬಂದಿಲ್ಲ" ಅನ್ನುತ್ತಾರೆ. ನಡುವೆ ನಾವು.

ಅದಕ್ಕಿಂತ ಮೊದಲು ಹೆಸರಿನ ತಕರಾರು. ನಮ್ಮ ಕಡೆಯವರಿಗೆ ಇದು ತಪ್ಪಿದ್ದಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಇನಿಷಿಯಲ್. ಡಿಗ್ರಿಯಲ್ಲಿ ಅದೇ ಇನಿಷಿಯಲ್ ಹಿಂದೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪಾಜಿಯ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಬಂದು ಕೂತಿದೆ. ಸಿಎ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಥರ. ಅಮೆರಿಕದವರ ಕಣ್ಣಿಗೆ ಇವರೆಲ್ಲ ಬೇರೆ ಬೇರೆ ಹೆಂಗಸರು. ಈ ಎಲ್ಲ ಹೆಸರೂ ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಲು ಕೋರ್ಟ್ ಹತ್ತಿರ ನೋಟರಿ ಬಳಿ ಹೋದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಕಾಗದ ಬೆಳಕಿಗೆ ಹಿಡಿದು ನೋಡಿದರು. "ಇನಿಷಿಯಲ್ ಅಂದ್ರೇನು ಅಂತ ಅವರಿಗೆ ಗೊತ್ತಿಲ್ಲೇನ್ರಿ ಮೇಡಂ?" ಅಂದರು. ಗೊತ್ತಿಲ್ಲ ಅಂದೆ. "ಅಷ್ಟು ದೊಡ್ಡ ದೇಶ!" ಅಂತ ತಲೆ ಆಡಿಸಿ, ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಹುಡುಗನಿಗೆ ಹೇಳಿದರು: "ಲೇ, ಎಲ್ಲಾ ಹೆಸರೂ ಬಿಡದಂಗ ಹಾಕು. ಒಂದು ಚುಕ್ಕಿ ಬಿಟ್ರೂ ಮೇಡಂ ಮತ್ತ ಬರಬೇಕಾಗ್ತದ."

ಆ ಚುಕ್ಕಿಯ ಮಾತನ್ನು ನೀವೂ ಕಟ್ಟಿಟ್ಟುಕೊಳ್ಳಿ. ಪರೀಕ್ಷೆಯ ದಿನ ಗುರುತಿನ ಚೀಟಿಯ ಹೆಸರಿಗೂ ಎನ್‌ಕಾರ್ಬ್ ದಾಖಲೆಯ ಹೆಸರಿಗೂ ತಾಳೆ ಆಗಬೇಕು. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಎನ್‌ಕಾರ್ಬ್ ಖಾತೆ ತೆರೆಯುವಾಗ ಹಾಕಿ. ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್‌ಗೆ ಕಾದ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದು ವರ್ಷದ ಬಿ.ಆರ್ಕ್ ಅಂದರೆ ಹತ್ತು ಸೆಮಿಸ್ಟರ್ ಅಂಕಪಟ್ಟಿ. ಅದರಲ್ಲಿ ಒಂದು ನನ್ನ ಹತ್ತಿರ ಮಸುಕಾಗಿತ್ತು. ನಕಲು ಪಡೆಯುವುದೇ ಒಂದು ಪ್ರತ್ಯೇಕ ಅರ್ಜಿ, ಪ್ರತ್ಯೇಕ ಚಲನ್. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು, ಬೆಳಗ್ಗೆ ಇಳಿದು, ಕೌಂಟರ್ ಮುಂದೆ ನಿಂತು, "ಸರ್ ಇವತ್ತು ರಜೆ" ಅನ್ನಿಸಿಕೊಂಡು ಬಂದದ್ದೂ ಇದೆ. ಒಂದು ಸಲಹೆ: ಕೇಳುವುದು ಒಂದೇ ಟ್ರಾನ್ಸ್‌ಕ್ರಿಪ್ಟ್ ಆದರೂ ಎರಡು ಮೂರು ಸೀಲ್ ಮಾಡಿದ ಕವರ್ ಮಾಡಿಸಿ ಇಟ್ಟುಕೊಳ್ಳಿ. ಕೆಲವು ರಾಜ್ಯಗಳು ನಮ್ಮ ಡಿಗ್ರಿಯನ್ನು ಅವರ ಡಿಗ್ರಿಗೆ ಹೋಲಿಸಿ ನೋಡುವ ಇನ್ನೊಂದು ಮೌಲ್ಯಮಾಪನ ಕೇಳುತ್ತವೆ, ಆಗ ಮತ್ತೆ ಇದೇ ಬೇಕಾಗುತ್ತದೆ. ಕವರ್ ನೀವೇ ಒಡೆದರೆ ಕೆಲಸ ಕೆಟ್ಟಿತು.

ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಕಾಗದ ನಡೆಯಲು ಹಾಕಿಸುವ ಸರ್ಕಾರಿ ಮುದ್ರೆ, ಮಾಡಿಸಿ ಅಂತ ಏಜೆಂಟ್ ಒಬ್ಬರು ಬೆನ್ನು ಹತ್ತಿದ್ದರು, ದೊಡ್ಡ ಮೊತ್ತವನ್ನೇ ಹೇಳಿದರು. ಎನ್‌ಕಾರ್ಬ್‌ನವರಾಗಲಿ ನನ್ನ ರಾಜ್ಯದ ಬೋರ್ಡ್ ಆಗಲಿ ನನ್ನನ್ನು ಅದು ಕೇಳಲಿಲ್ಲ. ಸೌದಿಗೆ ಹೋಗುವ ಗೆಳೆಯರಿಗೆ ಅದು ಬೇಕಾಗಬಹುದು. ಯಾರು ಕೇಳಿದ್ದಾರೆ ಅಂತ ಬರಹದಲ್ಲಿ ನೋಡುವ ತನಕ ದುಡ್ಡು ಬಿಚ್ಚಬೇಡಿ.

ಊರಲ್ಲಿ ಇರುವಾಗಲೇ ಮುಗಿಸಿಕೊಳ್ಳಬೇಕಾದ ಇನ್ನೊಂದು ಕೆಲಸ ಸಿಎ ನೋಂದಣಿಯ ನವೀಕರಣ. ಅವಧಿ ಮುಗಿದಿದ್ದರೆ ದೃಢೀಕರಣಕ್ಕೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ನಾನು ಕೆಲವು ವರ್ಷದ ಶುಲ್ಕ ಒಟ್ಟಿಗೇ ಕಟ್ಟಿದೆ. ನಡುವೆ ಒಂದು ದಿನ ಖಾಲಿ ಬಿದ್ದರೂ ಅದಕ್ಕೊಂದು ವಿವರಣೆ ಬರೆದು ಕೂರಬೇಕಾಗುತ್ತದೆ ಅನ್ನುವ ಭಯ.

ಆಮೇಲೆ ಗಂಟೆಗಳ ಲೆಕ್ಕ. ಒಟ್ಟು 3,740 ಗಂಟೆಯ ಅನುಭವ ಬೇಕು, ಅದನ್ನು ಆರು ಭಾಗ ಮಾಡಿದ್ದಾರೆ. ವರ್ಕಿಂಗ್ ಡ್ರಾಯಿಂಗ್ ಮತ್ತು ವಿವರಗಳ ಭಾಗಕ್ಕೆ ಎಲ್ಲಕ್ಕಿಂತ ಜಾಸ್ತಿ, 1,520. ಡಿಸೈನ್‌ಗೆ 1,080. ಸೈಟಿನ ಕೆಲಸಕ್ಕೆ 360. ಆಫೀಸ್ ನಡೆಸುವುದಕ್ಕೆ ಬರೀ 160. ನನಗೆ ಕಾಡಿದ್ದು ಆ 160. ನಮ್ಮ ಆಫೀಸುಗಳಲ್ಲಿ ಜೂನಿಯರ್‌ಗಳು ಡ್ರಾಯಿಂಗ್ ಹಾಕಿ ಹಾಕಿ ಬೆನ್ನು ಬಗ್ಗಿಸಿಕೊಳ್ಳುತ್ತಾರೆ, ಸೈಟಿಗೆ ಹೋಗಿ ಧೂಳು ಕುಡಿಯುತ್ತಾರೆ. ಫೀಸ್ ಹೇಗೆ ಲೆಕ್ಕ ಹಾಕಿದರು, ಕರಾರು ಹೇಗೆ ಬರೆದರು ಅನ್ನುವುದನ್ನು ಸರ್ ಒಬ್ಬರೇ ನೋಡಿಕೊಳ್ಳುತ್ತಾರೆ. ಸ್ವಂತ ಆಫೀಸು ಶುರು ಮಾಡುವ ಮೊದಲು ನಾನು ಬೆಂಗಳೂರಿನಲ್ಲಿ ಒಬ್ಬ ಹಿರಿಯರ ಕೈಕೆಳಗೆ ಇದ್ದೆ. ಪುಣ್ಯಕ್ಕೆ ಅವರು ನನ್ನನ್ನು ಕ್ಲೈಂಟ್ ಮೀಟಿಂಗ್‌ಗಳಿಗೆ ಕೂರಿಸುತ್ತಿದ್ದರು. ಹಳೇ ಡೈರಿಗಳು, ಸೈಟ್ ರಿಜಿಸ್ಟರಿನ ಫೋಟೊಗಳು, ಇಮೇಲ್‌ಗಳು ಎಲ್ಲ ಹರಡಿಕೊಂಡು ಯಾವ ತಿಂಗಳು ಯಾವ ಕೆಲಸ ಅಂತ ಪಟ್ಟಿ ಮಾಡಿದೆ. ಸರ್‌ಗೆ ಕಳಿಸಿದೆ. ಎನ್‌ಕಾರ್ಬ್ ಅವರಿಗೆ ಇಮೇಲ್ ಕಳಿಸುತ್ತದೆ, ಅವರು ಅದರೊಳಗೆ ಹೋಗಿ ಒಪ್ಪಿಗೆ ಒತ್ತಬೇಕು. ಸರ್ ಫೋನ್ ಮಾಡಿ, "ಏನಮ್ಮಾ, ನಾನೂ ಪರೀಕ್ಷೆ ಬರೀಬೇಕಾ?" ಅಂತ ನಕ್ಕರು. ಅವರ ಕಡೆಯ ಮೊದಲ ಇಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದು ವಾರಗಟ್ಟಲೆ ಹಾಗೇ ಇತ್ತು. ನಿಮ್ಮ ಹಳೇ ಸರ್, ಮೇಡಂ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳಿ. ಕೆಲಸ ಬಿಡುವಾಗ ಜಗಳ ಆಡಿ ಬಂದವರ ಪಾಡು ನೋಡಿದ್ದೇನೆ.

ಇಷ್ಟೆಲ್ಲ ಬಳ್ಳಾರಿಯಿಂದಲೇ ಮಾಡಿ ಮುಗಿಸಿ ಡಲ್ಲಾಸಿಗೆ ಹೋದೆ. ಪರೀಕ್ಷೆ ಬರೆದದ್ದು ಅಲ್ಲಿನ ಸೆಂಟರಿನಲ್ಲಿ.

ಪರೀಕ್ಷೆಯ ಹೆಸರು ಎಆರ್‌ಇ. ಆರು ಭಾಗ, ಆರನ್ನೂ ಬೇರೆ ಬೇರೆ ದಿನ ಬರೆಯಬಹುದು. ದೊಡ್ಡ ಎರಡು ಭಾಗಗಳಲ್ಲಿ ತಲಾ 100 ಪ್ರಶ್ನೆ, ನಾಲ್ಕು ಗಂಟೆಗೂ ಮೇಲೆ ಕೂರಬೇಕು. ನಾನು ಡಿಸೈನ್ ಚೆನ್ನಾಗಿ ಬರುತ್ತದೆ ಅಂತ ಧೈರ್ಯವಾಗಿದ್ದೆ. ಪುಸ್ತಕ ತೆಗೆದರೆ ಕಟ್ಟಿಗೆ ಮನೆ! ಹದಿನಾರು ಇಂಚಿಗೆ ಒಂದು ಮರದ ಪಟ್ಟಿ ನಿಲ್ಲಿಸಿ, ಅದಕ್ಕೆ ಹಲಗೆ ಬಡಿದು, ನಡುವೆ ಹತ್ತಿಯಂಥ ಇನ್ಸುಲೇಷನ್ ತುಂಬುತ್ತಾರೆ. ನಾವು ಬಳ್ಳಾರಿಯವರು ಕಲ್ಲು, ಇಟ್ಟಿಗೆ, ಆರ್‌ಸಿಸಿ ಬಿಟ್ಟು ಬೇರೆ ಗೊತ್ತಿಲ್ಲದ ಜನ. ಬೇಸಿಗೆಯಲ್ಲಿ ಬಿಸಿಲನ್ನು ಹೊರಗಿಡುವುದು ಹೇಗೆ ಅಂತ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಒಳಗಿನ ಬೆಚ್ಚನೆ ಗಾಳಿಯ ತೇವ ಗೋಡೆಯೊಳಗೆ ಹೋಗಿ ನೀರಾಗದಂತೆ ತಡೆಯುವ ಹಾಳೆ ಗೋಡೆಯ ಯಾವ ಬದಿಗೆ ಬರಬೇಕು ಅಂದರೆ? ಚಳಿ ಪ್ರದೇಶದಲ್ಲಿ ಒಳಬದಿಗೆ. ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಹಾಕಬೇಕು. ಹಿಮದ ಭಾರ ಲೆಕ್ಕ ಹಾಕಬೇಕು. ಇವನ್ನೆಲ್ಲ ಅಕ್ಷರಾಭ್ಯಾಸದಿಂದ ಕಲಿತೆ.

ಒಂದೇ ಒಂದು ಕಡೆ ಊರು ಸಿಕ್ಕಿತು. ಡಲ್ಲಾಸ್ ಸುತ್ತಮುತ್ತ ನೆಲ ನಮ್ಮ ಸಿರುಗುಪ್ಪದ ಎರೆಭೂಮಿಯಂತೆಯೇ ಉಬ್ಬುವ ಜಿಗುಟು ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬಿಡುತ್ತದೆ. ನಾವು ಎರೆ ಇದ್ದಲ್ಲಿ ಪಾಯ ಆಳಕ್ಕೆ ಇಳಿಸಿ ಗಟ್ಟಿ ನೆಲ ಹುಡುಕುತ್ತೇವೆ. ಅಲ್ಲಿ ಎಷ್ಟೋ ಮನೆಗಳಿಗೆ ನೆಲದ ಮೇಲೇ ಸ್ಲ್ಯಾಬ್ ಹಾಕಿ ಒಳಗೆ ಕೇಬಲ್ ಬಿಗಿದು ಎಳೆಯುತ್ತಾರೆ. ಆ ಅಧ್ಯಾಯ ಓದುವಾಗ ಮಾತ್ರ ನಿದ್ದೆ ಬರಲಿಲ್ಲ.

ತಲೆ ಕೆಡಿಸಿದ ಇನ್ನೊಂದು ವಿಷಯ ಕರಾರು. ಅಲ್ಲಿನ ಆರ್ಕಿಟೆಕ್ಟ್‌ಗಳ ಸಂಘ ಎಐಎ ಸಿದ್ಧ ಮಾಡಿಟ್ಟ ಕರಾರು ಪತ್ರಗಳಿವೆ, ಎ201, ಬಿ101 ಅಂತ ಅವಕ್ಕೆ ನಂಬರ್. ಅದರ ಪ್ರಕಾರ ಕಟ್ಟುವ ವಿಧಾನ, ಕೆಲಸದ ಕ್ರಮ, ಸೈಟಿನ ಸುರಕ್ಷತೆ ಎಲ್ಲ ಗುತ್ತಿಗೆದಾರನ ತಲೆಗೆ. ಆರ್ಕಿಟೆಕ್ಟ್ ಅದರಲ್ಲಿ ಕೈ ಹಾಕಬಾರದು. ನನಗೋ, ಸೆಂಟ್ರಿಂಗ್ ಎರಡು ದಿನ ಮೊದಲೇ ಬಿಚ್ಚುತ್ತಿದ್ದರೆ ಓಡಿ ಹೋಗಿ ಮೇಸ್ತ್ರಿಗೆ ಬೈದು ನಿಲ್ಲಿಸಿ ಅಭ್ಯಾಸ. ಮೇಸ್ತ್ರಿ ಕೆಲಸಕ್ಕೆ ಬರದಿದ್ದರೂ ಮನೆ ಯಜಮಾನರ ಫೋನ್ ನನಗೇ ಬರುತ್ತದೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ಮನಸ್ಸು "ಹೋಗಿ ನಿಲ್ಲಿಸು" ಅನ್ನುವ ಉತ್ತರಕ್ಕೇ ಎಳೆಯುತ್ತಿತ್ತು. ಸರಿ ಉತ್ತರ ಹೆಚ್ಚಾಗಿ "ಮಾಲೀಕರಿಗೆ ಬರಹದಲ್ಲಿ ತಿಳಿಸು" ಅನ್ನುವ ಜಾತಿಯದ್ದು. ಇಷ್ಟು ವರ್ಷದ ಅನುಭವ ಇಲ್ಲಿ ಅಡ್ಡ ಬರುತ್ತದೆ. ಹೊಸದಾಗಿ ಓದಿದವರಿಗಿಂತ ನಮ್ಮಂಥವರಿಗೆ ಈ ಭಾಗ ಕಷ್ಟ.

ಸೆಂಟರಿನಲ್ಲಿ ಫೋನ್, ವಾಚು ಎಲ್ಲ ಲಾಕರಿಗೆ. ಲೆಕ್ಕ ಹಾಕಲು, ಗೀಚಲು ಪರದೆಯ ಮೇಲೇ ಒಂದು ಬಿಳಿ ಹಲಗೆ. ಮೌಸ್ ಹಿಡಿದು ಅದರಲ್ಲಿ ಗೆರೆ ಎಳೆಯುವುದು ಹಿಂಸೆ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ. ಬ್ರೇಕ್ ತೆಗೆದುಕೊಳ್ಳುವ ಮೊದಲು ಹುಷಾರು: ನೋಡಿದ ಪ್ರಶ್ನೆಗಳಿಗೆ ಬ್ರೇಕ್ ಆದ ಮೇಲೆ ವಾಪಸ್ ಹೋಗಲು ಬರುವುದಿಲ್ಲ. ಅನುಮಾನ ಇರುವುದನ್ನೆಲ್ಲ ಮುಗಿಸಿಯೇ ಏಳಬೇಕು. ಎಸಿ ಎಷ್ಟು ತಣ್ಣಗಿತ್ತೆಂದರೆ ಬಳ್ಳಾರಿ ಮೈ ನಡುಗಿತು. ಸ್ವೆಟರ್ ಒಯ್ಯಿರಿ.

ಒಂದು ಭಾಗದಲ್ಲಿ ಫೇಲ್ ಆದೆ. ಅದೇ ಭಾಗ ಮತ್ತೆ ಬರೆಯಲು 60 ದಿನ ಕಾಯಬೇಕು, ವರ್ಷಕ್ಕೆ ಮೂರೇ ಸಲ ಅವಕಾಶ. ಅಷ್ಟರಲ್ಲಿ ಬೇರೆ ಭಾಗ ಬರೆಯಬಹುದು, ನಾನೂ ಹಾಗೇ ಮಾಡಿದೆ. ಆ ಸಂಜೆ ಅಮ್ಮ ಫೋನಿನಲ್ಲಿ "ಬಿಡವ್ವಾ, ಊರಲ್ಲಿ ನಿನ್ನ ಆಫೀಸ್ ಇಲ್ಲೇನು" ಅಂದಾಗ ಗಂಟಲು ಕಟ್ಟಿತು. ಊರಲ್ಲಿ ನಾನು ಮೇಡಂ, ಅಲ್ಲಿ ಅಡ್ಮಿಷನ್ ಕಾರ್ಡ್ ಹಿಡಿದ ವಿದ್ಯಾರ್ಥಿನಿ. ಮೂವತ್ತು ದಾಟಿದ ಮೇಲೆ ಅದು ಸುಲಭವಲ್ಲ.

ಖರ್ಚಿನ ವಿಷಯ. ಪ್ರತಿ ಭಾಗಕ್ಕೆ 200 ಡಾಲರಿಗೂ ಜಾಸ್ತಿ, ಶುಲ್ಕ ಆಗಾಗ ಏರುತ್ತದೆ. ಆರು ಭಾಗ ಒಂದೇ ಸಲಕ್ಕೆ ಪಾಸಾದರೂ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ, ಫೇಲ್ ಆದರೆ ಮತ್ತೆ ಅಷ್ಟೇ. ಅದರ ಮೇಲೆ ಎನ್‌ಕಾರ್ಬ್ ದಾಖಲೆಯ ಶುಲ್ಕ, ವರ್ಷ ವರ್ಷದ ನವೀಕರಣ, ರಾಜ್ಯದ ಅರ್ಜಿ. ಪುಸ್ತಕ ಮಾತ್ರ ಹೊಸದು ಕೊಳ್ಳಬೇಡಿ. ಪಾಸಾದವರು ಅರ್ಧಕ್ಕಿಂತ ಕಡಿಮೆಗೆ ಮಾರುತ್ತಾರೆ. ಒಂದು ಒಳ್ಳೆ ಸುದ್ದಿ ಇದೆ. ಮೊದಲು ಪಾಸಾದ ಭಾಗಗಳ ಅಂಕ ಐದು ವರ್ಷಕ್ಕೆ ಸತ್ತುಹೋಗುತ್ತಿತ್ತು. 2023ರ ಮೇ ತಿಂಗಳಿಂದ ಆ ನಿಯಮ ತೆಗೆದಿದ್ದಾರೆ. ಮಕ್ಕಳು ಮರಿ ಅಂತ ನಡುವೆ ನಿಲ್ಲಿಸಿದವರು ಮತ್ತೆ ಶುರು ಮಾಡಬಹುದು.

ಎಲ್ಲ ಮುಗಿಯಿತು ಅಂತ ರಾಜ್ಯದ ಬೋರ್ಡಿಗೆ ಅರ್ಜಿ ಹಾಕಿದೆ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಹಾಕದೆ ಫಾರಂ ಮುಂದಕ್ಕೇ ಹೋಗಲಿಲ್ಲ. ನನ್ನದು ಡಿಪೆಂಡೆಂಟ್ ವೀಸಾ, ಎಚ್-4. ಕೆಲಸದ ಅನುಮತಿ ಇಲ್ಲದೆ ಆ ನಂಬರ್ ಕೊಡುವುದಿಲ್ಲ. ಇಷ್ಟು ದೂರ ಬಂದು ಒಂದು ಖಾಲಿ ಚೌಕದ ಮುಂದೆ ನಿಂತೆ. ಮೂರು ಇಮೇಲ್ ಹಾಕಿದರೂ ಸಿದ್ಧ ಉತ್ತರವೇ ಬಂತು. ಫೋನ್ ಮಾಡಿ ಒಬ್ಬ ಹೆಂಗಸಿನ ಜೊತೆ ಮಾತಾಡಿದ ಮೇಲೆ, ನಂಬರ್ ಇಲ್ಲ ಅಂತ ಪ್ರಮಾಣ ಮಾಡುವ ಬೇರೆ ಫಾರಂ ಇದೆ ಅಂತ ಗೊತ್ತಾಯಿತು. ನೋಟರಿ ಸಹಿ ಮಾಡಿಸಿ ಅಂಚೆಯಲ್ಲಿ ಕಳಿಸಿದೆ. ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಹೊರದೇಶದ ದಾರಿಯಲ್ಲಿ ಬಂದವರನ್ನು ಒಪ್ಪುವುದು ಬಿಡುವುದೂ ಅಷ್ಟೇ. ಅದಕ್ಕೇ ಪರೀಕ್ಷೆ ಶುಲ್ಕ ಕಟ್ಟುವ ಮೊದಲೇ ಯಾವ ರಾಜ್ಯ ಅಂತ ತೀರ್ಮಾನಿಸಿ, ಅಲ್ಲಿಗೆ ಫೋನ್ ಮಾಡಿ ಕೇಳಿ. ಇಮೇಲ್ ಬೇಡ, ಫೋನ್.

ಲೈಸೆನ್ಸ್ ಬಂದರೆ ಕೆಲಸ ಮಾಡಬಹುದು ಅಂತ ಅಲ್ಲ. ಅದು ವೀಸಾದ ಮಾತು. ಎಚ್-4 ಇದ್ದವರಿಗೆ, ಸಂಗಾತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿದ್ದರೆ ಕೆಲಸದ ಅನುಮತಿ ಕೇಳುವ ಅವಕಾಶ 2015ರಿಂದ ಇದೆ. ನಮ್ಮದು ಇನ್ನೂ ಆ ಹಂತಕ್ಕೆ ಬಂದಿಲ್ಲ. ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ಅತ್ತೆ ಕೇಳಿದರು. ಅನುಮತಿ ಬಂದ ದಿನ ಸೊನ್ನೆಯಿಂದ ಶುರು ಮಾಡುವುದಕ್ಕಿಂತ ಕೈಯಲ್ಲಿ ಲೈಸೆನ್ಸ್ ಹಿಡಿದು ಕಾಯುವುದು ಲೇಸು ಅಂದೆ. ಅವರಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ ಅನ್ನಿಸುತ್ತದೆ.

ಸದ್ಯ ಎರಡು ತಿಂಗಳಿಗೆ ಬಳ್ಳಾರಿಗೆ ಬಂದಿದ್ದೇನೆ. ಆಫೀಸಿನ ಬೋರ್ಡಿನಲ್ಲಿ ಹಳೇ ಸಿಎ ನಂಬರೇ ಇದೆ, ಹೊಸ ಲೈಸೆನ್ಸಿಗೆ ಇಲ್ಲಿ ಬೆಲೆ ಇಲ್ಲ. ಕಂಟೋನ್ಮೆಂಟಿನಲ್ಲಿ ಒಂದು ಮನೆಗೆ ಪಾಯ ತೆಗೆದಿದ್ದಾರೆ. ನಿನ್ನೆ ಮೇಸ್ತ್ರಿ ಬಂದಿಲ್ಲ ಅಂತ ಯಜಮಾನರ ಫೋನ್ ಬಂತು. ಹೋಗಿ ನೋಡಿ ಬಂದೆ.